ಮಗ್ಗ ನಿಂತಾಗ ತಲೆ ಎತ್ತದವಳು

ಬನಹಟ್ಟಿಯ ಒಂದು ಸಣ್ಣ ಇಂಗ್ಲಿಷ್ ಶಾಲೆಯಲ್ಲಿ ನಾನು ಕೆಲವು ವರ್ಷ ಯುಕೆಜಿ ಮಕ್ಕಳಿಗೆ ಅಕ್ಷರಗಳ ಸದ್ದು ಕಲಿಸಿದೆ. 'ಬಿ' ಅಕ್ಷರದ ಹೆಸರು, 'ಬ್' ಅದರ ಸದ್ದು. ಹೆಸರು ಆಮೇಲೆ ಬಂದರೂ ನಡೆದೀತು, ಸದ್ದು ಗೊತ್ತಾದರೆ ಮಗು ಪದವನ್ನು ತಾನೇ ಕೂಡಿಸಿ ಓದುತ್ತದೆ ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಇದಕ್ಕೆ ಫೋನಿಕ್ಸ್ ಎನ್ನುತ್ತಿದ್ದರು. ಪಾಲಕರ ಬಾಯಲ್ಲಿ ಅದು 'ಕಂಪ್ಯೂಟರ್ ಇಂಗ್ಲಿಷ್' ಆಗಿತ್ತು, ಏಕೆಂದರೆ ಶಾಲೆಯವರು ಪ್ರವೇಶದ ಸಮಯದಲ್ಲಿ ಅವರಿಗೆ ತೋರಿಸುತ್ತಿದ್ದದ್ದು ಕಂಪ್ಯೂಟರ್ ಕೋಣೆಯನ್ನು.

ಅದು ಮೊದಲು ಹಳೆಯ ಬೆಂಚುಗಳನ್ನು ತುಂಬಿಡುತ್ತಿದ್ದ ಕೋಣೆ. ಗೋಡೆಗೆ ಹೊಂದಿಸಿ ದಪ್ಪ ಬೆನ್ನಿನ ಮಾನಿಟರುಗಳನ್ನು ಇಟ್ಟಿದ್ದರು. ಅವಕ್ಕೆ ಊರಿನದೇ ಸೀರೆಯ ತುಂಡುಗಳಿಂದ ಹೊಲಿದ ಹೊದಿಕೆ. ಸಿ.ಡಿ. ಹಾಕಿದರೆ ಪರದೆಯ ಮೇಲೆ ಒಂದು ಮೊಲ ಬರುತ್ತಿತ್ತು. ಮೊಲ ಒಂದು ಸದ್ದು ಹೇಳುತ್ತದೆ, ಕೆಳಗೆ ಚಿತ್ರಗಳು ಮೂಡುತ್ತವೆ, ಆ ಸದ್ದಿನಿಂದ ಶುರುವಾಗುವ ಚಿತ್ರವನ್ನು ಮಗು ಒತ್ತಬೇಕು. ಸರಿಯಾದರೆ ಮೊಲ ಕುಣಿಯುತ್ತದೆ. ತಪ್ಪಾದರೆ ಕಿವಿಗಳಿಂದ ಮುಖ ಮುಚ್ಚಿಕೊಳ್ಳುತ್ತದೆ. ಮೊಲದ ಬಾಯಿ ಎಲ್ಲ ಸದ್ದಿಗೂ ಒಂದೇ ರೀತಿ ತೆರೆದು ಮುಚ್ಚುತ್ತಿತ್ತು. ಇದನ್ನು ಆಗ ನಾನು ನೋಡಿದ್ದೆ, ಆದರೆ ಗಮನಿಸಿರಲಿಲ್ಲ.

ನಾನು ಜಮಖಂಡಿಯಿಂದ ಬಸ್ಸಿಗೆ ಬರುತ್ತಿದ್ದೆ. ಕಬ್ಬಿನ ಹಂಗಾಮಿನಲ್ಲಿ ರಸ್ತೆ ತುಂಬ ಟ್ರ್ಯಾಕ್ಟರುಗಳು, ಅವುಗಳ ಹಿಂದೆ ತೆವಳುವ ಬಸ್ಸು. ಶಾಲೆ ತಲುಪುವಷ್ಟರಲ್ಲೇ ಅರ್ಧ ದಿನದ ಆಯಾಸವಾಗಿರುತ್ತಿತ್ತು. ಅದರ ಮೇಲೆ ದಿನವಿಡೀ ಒಂದೊಂದೇ ಸದ್ದನ್ನು ಬಿಡಿಸಿ ಬಿಡಿಸಿ ಹೇಳುವ ಕೆಲಸ. ಸಂಜೆ ಮನೆಗೆ ಹೋದರೆ ಯಾರೊಡನೆಯೂ ಮಾತಾಡಲು ಗಂಟಲು ಉಳಿಯುತ್ತಿರಲಿಲ್ಲ. ಶಾಲೆಯ ಹಿಂದಿನ ಗೋಡೆಗೆ ತಾಗಿಯೇ ಮಗ್ಗದ ಓಣಿ ಇತ್ತು. ಕರೆಂಟು ಇರುವಷ್ಟು ಹೊತ್ತು ಪವರ್‌ಲೂಮುಗಳ ಖಟಖಟ ನಿಲ್ಲುತ್ತಿರಲಿಲ್ಲ. ಅದರ ಮೇಲೆ ನಮ್ಮ ದನಿ ಹೋಗಬೇಕಿತ್ತು.

ನನಗೆ ಅದು ಹೊಸದಲ್ಲ. ನಾನು ಹುಟ್ಟಿದ್ದು ರಬಕವಿಯ ಮಗ್ಗದ ಮನೆಯಲ್ಲಿ. ಮಗ್ಗ ನಡೆಯುವ ಮನೆಗಳಲ್ಲಿ ಮಾತಿನ ರೀತಿಯೇ ಬೇರೆ. ದನಿಯನ್ನು ಯಾರೂ ನೆಚ್ಚುವುದಿಲ್ಲ. ಕರೆಯಬೇಕಾದವರ ಹೆಗಲು ತಟ್ಟುತ್ತಾರೆ. ದೂರದಲ್ಲಿದ್ದರೆ ನೂಲು ಸುತ್ತುವ ಸಣ್ಣ ಕೊಳವೆ, ಖಾಲಿ ಕಂಡಿಕೆಯೊಂದನ್ನು ಅವರ ಕಡೆಗೆ ಎಸೆಯುತ್ತಾರೆ. ಅವರು ತಿರುಗಿ ನೋಡಿದ ಮೇಲೆ ತುಟಿಯನ್ನು ಅಗಲವಾಗಿ ಆಡಿಸಿ, ಹುಬ್ಬು ಮತ್ತು ಕೈ ಕೂಡಿಸಿ ಹೇಳುತ್ತಾರೆ. ನನ್ನ ಅವ್ವ ಅಪ್ಪನಿಗೆ ಊಟಕ್ಕೆ ಏಳಲು ಹೇಳಿದ್ದು, ಬೈದದ್ದು, ನಗಿಸಿದ್ದು ಬಹಳಷ್ಟು ಹೀಗೆಯೇ. ಮದುವೆಯಾಗಿ ಜಮಖಂಡಿಗೆ ಹೋದ ಹೊಸತರಲ್ಲಿ ಅತ್ತೆ ಕೇಳಿದ್ದರು, "ಏನವಾ, ನಾ ಏನ್ ಕಿವುಡಿ ಅದೇನೇನ? ಹಂಗ್ಯಾಕ ಬಾಯಿ ಅಗಲಸ್ತಿ?" ಆ ಅಭ್ಯಾಸ ಹೋಗಲಿಲ್ಲ. ತರಬೇತಿ ಕೊಟ್ಟವರಿಗೆ ಅದೇ ಹಿಡಿಸಿತು. "ನಿಮ್ಮ ಬಾಯಿ ಫೋನಿಕ್ಸ್‌ಗೆ ಹೇಳಿ ಮಾಡಿಸಿದಂತಿದೆ" ಎಂದರು.

ಕಂಪ್ಯೂಟರಿಗೆ ಕೂರಿಸುವ ಮೊದಲು ತರಗತಿಯಲ್ಲಿ ನೆಲದ ಮೇಲೆ ಆಟಗಳಿರುತ್ತಿದ್ದವು. ಮಕ್ಕಳು ಅರ್ಧಚಂದ್ರಾಕಾರದಲ್ಲಿ ಕೂರುತ್ತಿದ್ದರು, ನಾನು ಎದುರಿಗೆ. 'ಪ್' ಎನ್ನುವಾಗ ಅಂಗೈಯನ್ನು ಬಾಯಿಯ ಮುಂದೆ ಹಿಡಿದರೆ ಉಸಿರು ಬಡಿಯುತ್ತದೆ. 'ಬ್' ಎನ್ನುವಾಗ ಗಂಟಲ ಮೇಲೆ ಬೆರಳಿಟ್ಟರೆ ನಡುಕ ತಿಳಿಯುತ್ತದೆ. 'ಮ್' ಎನ್ನುವಾಗ ನಡುಕ ಮೂಗಿನಲ್ಲಿ. ಮಕ್ಕಳು ನನ್ನ ಗಂಟಲು ಮುಟ್ಟಿ, ತಮ್ಮದನ್ನು ಮುಟ್ಟಿಕೊಂಡು, ಪಕ್ಕದವರ ಮೂಗು ಹಿಡಿದು, ಅಲ್ಲೇ ಒಂದು ಜಗಳ ತೆಗೆಯುತ್ತಿದ್ದರು. ಆಮೇಲೆ ಒಂದು ತಟ್ಟೆಯಲ್ಲಿ ಚೆಂಡು, ಪೆನ್ನು, ಗೊಂಬೆ, ಬೀಗದ ಕೈ ಇಟ್ಟು, ನಾನು ಸದ್ದು ಹೇಳಿದರೆ ಇಂಗ್ಲಿಷಿನಲ್ಲಿ ಆ ಸದ್ದಿನಿಂದ ಶುರುವಾಗುವ ವಸ್ತುವನ್ನು ಅವರು ಎತ್ತಬೇಕು.

ಈ ಆಟಗಳಲ್ಲಿ ಒಬ್ಬ ಹುಡುಗಿ ಎಲ್ಲರಿಗಿಂತ ಮುಂದಿದ್ದಳು. ಅವಳ ಮನೆ ಶಾಲೆಯ ಹಿಂದಿನ ಓಣಿಯಲ್ಲೇ. ತಂದೆಯ ಸ್ವಂತ ಮಗ್ಗಗಳು, ತಾಯಿ ಕಂಡಿಕೆ ಸುತ್ತುತ್ತಿದ್ದಳು, ಮನೆಯಲ್ಲಿ ಒಬ್ಬ ಅಜ್ಜಿ. ಹುಡುಗಿಯ ಮಾತು ಕಡಿಮೆ. ಆಡಿದರೂ ಪದಗಳ ಕೊನೆಗಳು ಮೆತ್ತಗೆ ಕರಗಿಹೋಗುತ್ತಿದ್ದವು. ಎಳೆಯ ಮಗು, ನಾಲಗೆ ಇನ್ನೂ ತಿರುಗಬೇಕು ಎಂದು ಎಲ್ಲರೂ ಅಂದುಕೊಂಡಿದ್ದೆವು. ಅವಳು ನನ್ನ ಮುಖವನ್ನು ಬಿಟ್ಟು ಕಣ್ಣು ಕದಲಿಸುತ್ತಿರಲಿಲ್ಲ. ಅಂಥ ಶ್ರದ್ಧೆಯ ಮಗುವನ್ನು ಕಂಡರೆ ದಣಿದ ಟೀಚರಿಗೆ ಸಿಗುವ ಸಮಾಧಾನವೇ ಬೇರೆ.

ಅದೇ ಹುಡುಗಿ ಕಂಪ್ಯೂಟರಿನ ಮುಂದೆ ಕೂತರೆ ಮಂಕಾಗುತ್ತಿದ್ದಳು. ಮೊಲ ಸದ್ದು ಹೇಳುತ್ತಿತ್ತು, ಇವಳು ಪರದೆ ನೋಡುತ್ತಿದ್ದಳು, ಆಮೇಲೆ ಪಕ್ಕದವಳ ಪರದೆ, ಆಮೇಲೆ ಯಾವುದಾದರೂ ಒಂದು ಚಿತ್ರ ಒತ್ತುತ್ತಿದ್ದಳು. ಮೊಲ ಮತ್ತೆ ಮತ್ತೆ ಮುಖ ಮುಚ್ಚಿಕೊಳ್ಳುತ್ತಿತ್ತು. ಕೊನೆಗೆ ಅವಳೂ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕೂರುತ್ತಿದ್ದಳು. ಮಕ್ಕಳು ನಗುತ್ತಿದ್ದರು. ಯಂತ್ರದ ಹೆದರಿಕೆ ಇರಬೇಕೆಂದು ನಾನು ಅವಳ ಕೈಯ ಮೇಲೆ ಕೈಯಿಟ್ಟು ಮೌಸ್ ಹಿಡಿಸಿದೆ. ಮೊದಲನೆಯ ಯಂತ್ರದಿಂದ ಎಬ್ಬಿಸಿ ಕೊನೆಯ ಯಂತ್ರಕ್ಕೆ ಕೂರಿಸಿದೆ. ಹೆಡ್‌ಫೋನ್ ಹಾಕಿದೆ. ಅದನ್ನು ಅವಳು ತಲೆಗೆ ಹೂವಿನ ದಂಡೆ ಸರಿಪಡಿಸಿಕೊಂಡಂತೆ ಸರಿಪಡಿಸಿಕೊಂಡು ನನ್ನ ಮುಖವನ್ನೇ ನೋಡುತ್ತ ಕೂತಳು.

ಮುಖ್ಯೋಪಾಧ್ಯಾಯಿನಿ ಕೆಟ್ಟವರಲ್ಲ. ಆದರೆ ಪಾಲಕರಿಗೆ ಮಾತು ಕೊಟ್ಟಿದ್ದರು. ವರ್ಷದ ಕೊನೆಗೆ ಮೊಲದ ಕೊನೆಯ ಹಂತ ದಾಟಿದ ಮಕ್ಕಳು ಮಾತ್ರ ಒಂದನೆಯ ತರಗತಿಗೆ, ಉಳಿದವರಿಗೆ ಇನ್ನೊಂದು ವರ್ಷ ಯುಕೆಜಿ ಎಂಬುದು ಅವರ ನಿಯಮ. ಈ ಹುಡುಗಿಯ ಅಪ್ಪನಿಗೆ ಅದು ಗೊತ್ತಿತ್ತು. ಒಮ್ಮೆ ಗೇಟಿನಲ್ಲಿ ಸಿಕ್ಕಾಗ ಅವನು ಯಾವ ಸಿಟ್ಟೂ ಇಲ್ಲದೆ ಹೇಳಿದ್ದ, "ಇನ್ನೊಂದ ವರ್ಷ ಅಲ್ಲೇ ಕುಂಡ್ರಸ್ತೇವಿ ಅಂದ್ರ ಬ್ಯಾಡ್ರಿ ಟೀಚರ. ಬರ್ಲಿಲ್ಲಂದ್ರ ಬರ್ಲಿಲ್ಲ. ಮನ್ಯಾಗ ಇರತಾಳ, ಅವ್ವನ ಕೂಡ ಕಂಡಕಿ ಸುತ್ತತಾಳ." ಹಾಗೆ ಮನೆಯಲ್ಲಿ ಉಳಿದುಹೋದ ಹೆಣ್ಣುಮಕ್ಕಳನ್ನು ನಾನು ನನ್ನ ಓಣಿಯಲ್ಲೇ ಕಂಡಿದ್ದೆ. ಅವನು ಬೆದರಿಸುತ್ತಿರಲಿಲ್ಲ, ಮುಂದೆ ಆಗುವುದನ್ನು ಹೇಳುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ. ಮಕ್ಕಳೆಲ್ಲ ಕಂಪ್ಯೂಟರ್ ಕೋಣೆಯಲ್ಲಿದ್ದರು. ಕರೆಂಟು ಹೋಯಿತು. ಯಂತ್ರಗಳಿಗೆ ಯುಪಿಎಸ್ ಇದ್ದುದರಿಂದ ಪರದೆಗಳು ಬೆಳಗುತ್ತಲೇ ಇದ್ದವು, ಬಾಗಿಲಿನಿಂದ ಬೆಳಕೂ ಇತ್ತು. ಆದರೆ ಹಿಂದಿನ ಓಣಿಯ ಮಗ್ಗಗಳು ಒಟ್ಟಿಗೇ ನಿಂತವು.

ಮಗ್ಗದ ಊರಿನವರಿಗೆ ಈ ಕ್ಷಣ ಗೊತ್ತು. ಖಟಖಟ ಇರುವಾಗ ಅದು ಕೇಳಿಸುವುದಿಲ್ಲ, ನಿಂತಾಗಲೇ ಕೇಳಿಸುತ್ತದೆ. ಎಲ್ಲಿದ್ದರೂ ತಲೆ ತಾನಾಗಿ ಮೇಲೇಳುತ್ತದೆ. ಮಕ್ಕಳಿಗಂತೂ ಅಪ್ಪ ಹೊರಗೆ ಕಟ್ಟೆಗೆ ಬರುತ್ತಾನೆ, ಚಹಾ ಆಗುತ್ತದೆ, ಯಾರಾದರೂ ಎತ್ತಿಕೊಳ್ಳುತ್ತಾರೆ ಎಂದೇ ಅದರ ಅರ್ಥ. ಅಂದೂ ಎಲ್ಲ ಮಕ್ಕಳೂ ಒಂದೇ ಸಲ ತಲೆ ಎತ್ತಿ ಕಿಟಕಿಯ ಕಡೆ ತಿರುಗಿದರು. "ಕರೆಂಟ್ ಹೋತ್ರಿ ಟೀಚರ" ಎಂದು ಒಬ್ಬ ಎದ್ದೇ ನಿಂತ. ಅವಳೊಬ್ಬಳು ತಲೆ ಎತ್ತಲಿಲ್ಲ, ಅಂದು ಅವಳ ತಲೆಗೆ ಹೆಡ್‌ಫೋನೂ ಇರಲಿಲ್ಲ. ಪರದೆಯ ಮೇಲಿನ ಮೊಲವನ್ನು ನೋಡುತ್ತ, ಬೆರಳಿನಿಂದ ಮೌಸಿನ ವೈರನ್ನು ಸವರುತ್ತ ಕೂತಿದ್ದಳು.

ನಾನು ಅವಳ ಹಿಂದೆ ನಿಂತಿದ್ದೆ. ಕೋಣೆ ನಿಶ್ಶಬ್ದವಾಗಿತ್ತು. ಅವಳ ಹೆಸರನ್ನು ಕರೆದೆ. ಮತ್ತೆ, ಇನ್ನೂ ಜೋರಾಗಿ. ಉಳಿದವರೆಲ್ಲ ನನ್ನ ಕಡೆ ತಿರುಗಿದರು. ಎಲ್ಲರೂ ತಿರುಗಿದ್ದನ್ನು ಕಂಡ ಮೇಲೆ ಅವಳೂ ತಿರುಗಿದಳು, ನನ್ನ ಬಾಯಿ ನೋಡಿದಳು, ಎಂದಿನಂತೆ ನಕ್ಕಳು.

ಆ ದಿನ ಮಾನಿಟರುಗಳಿಗೆ ನಾನೇ ಒಂದೊಂದಾಗಿ ಹೊದಿಕೆ ಹಾಕಿದೆ. ಅವಳು ತರಗತಿಯಲ್ಲಿ ಯಾಕೆ ಮುಂದಿದ್ದಳು, ಇಲ್ಲಿ ಯಾಕೆ ಹಿಂದೆ ಎಂಬುದು ಈಗ ಸರಳವಾಗಿತ್ತು. ನನ್ನ ತುಟಿಯಿಂದ, ನನ್ನ ಗಂಟಲಿನಿಂದ ಅವಳು ಸದ್ದನ್ನು ಕಣ್ಣಿನಲ್ಲಿ, ಬೆರಳಿನಲ್ಲಿ ತೆಗೆದುಕೊಳ್ಳುತ್ತಿದ್ದಳು. ಮೊಲದ ಬಳಿ ತೆಗೆದುಕೊಳ್ಳಲು ಏನೂ ಇರಲಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋದೆ. ಮಗ್ಗಗಳು ನಡೆದಿದ್ದವು. ಅಪ್ಪ ನನ್ನನ್ನು ನೋಡಿ ತಾನು ನಿಂತಿದ್ದ ಮಗ್ಗವೊಂದನ್ನು ನಿಲ್ಲಿಸಿದ. ಉಳಿದವು ಓಡುತ್ತಲೇ ಇದ್ದವು.

"ಹುಡುಗಿಗೆ ಕಿವಿ ಸರಿ ಕೇಳಸೂದಿಲ್ಲ ಅನಸ್ತೈತಿ" ಎಂದೆ.

"ಏನಂದ್ರಿ?"

ನನ್ನ ಕಿವಿ ಮುಟ್ಟಿಕೊಂಡು, ಹುಡುಗಿಯ ಕಡೆ ಕೈ ತೋರಿಸಿ, ಇಲ್ಲ ಎಂದು ಕೈಯಾಡಿಸಿದೆ. ಅವನು ನಕ್ಕುಬಿಟ್ಟ.

"ನಮ್ಮ ಮನ್ಯಾಗ ಯಾರಿಗಿ ಕೇಳಸ್ತೈತಿ ಹೇಳ್ರಿ. ನಮ್ಮಪ್ಪಗ ಕೇಳಸ್ತಿದ್ದಿಲ್ಲ. ನನಗ ಈ ಕಡೀದ ಕಿವಿ ಹೋಗೇತಿ. ನಮ್ಮವ್ವನ್ನ ಕೇಳ್ರಿ, ಆಕಿಗೆ ನೀವು ಬಂದದ್ದ ಗೊತ್ತಿಲ್ಲ."

ಅಜ್ಜಿಗೆ ಗೊತ್ತಾಗಿತ್ತು. ಮೂಲೆಯಿಂದ ಎದ್ದು ಬಂದು ನನ್ನ ಬಾಯಿ ಕಾಣುವಷ್ಟು ಹತ್ತಿರ ಕೂತಳು. "ಏನ್ ಮಾಡ್ಯಾಳ್ರಿ ಅಕ್ಕಾರ? ಮಾತ ಕೇಳೂದಿಲ್ಲರಿ, ಭಾಳ ಹಟಮಾರಿ. ಬೆನ್ನಿಗೆ ಕಂಡಕಿ ಒಗೀಬೇಕು, ಆಗ ಹೊಳ್ಳಿ ನೋಡತಾಳ."

"ಎಲ್ಲಾರಿಗೂ ಹಂಗ ಕರೀತೀರಲ್ಲರಿ ಆಯಿ" ಎಂದೆ.

"ಎಲ್ಲಾರಿಗೂ ಹಂಗ. ಮತ್ತ ಹೆಂಗ ಕರೀಬೇಕ್ರಿ?"

ಹಿಂದಿನ ದಿನ ಬೆನ್ನ ಹಿಂದೆ ನಿಂತು ಕರೆದರೂ ಹುಡುಗಿ ತಿರುಗದ್ದನ್ನು ಹೇಳಿದೆ. ಬೇರೆ ಯಾವ ಮನೆಯಲ್ಲಾದರೂ ಈ ಮಗುವಿನ ಕೊರತೆ ವರ್ಷ ತುಂಬುವುದರೊಳಗೆ ತಿಳಿದಿರುತ್ತಿತ್ತು. ಇಲ್ಲಿ ಯಾರೂ ಯಾರನ್ನೂ ದನಿಯಿಂದ ಕರೆಯುತ್ತಿರಲಿಲ್ಲವಾದ್ದರಿಂದ ಅವಳು ಎಲ್ಲರಂತೆಯೇ ಇದ್ದಳು. ಜಾಣೆ ಕೂಡ.

ದವಾಖಾನೆ ಎಂದೊಡನೆ ಅಜ್ಜಿಯ ಮುಖ ಬಿಗಿಯಿತು. "ಕಿವ್ಯಾಗ ಮಷಿನ್ ತುರಕತಾರಂತಲ್ಲ. ನಾಳೆ ಲಗ್ನದ ಮಾತ ಬಂದಾಗ ಏನ್ ಹೇಳೂನ್ರಿ? ಸುಮ್ನಿರ್ರಿ, ದೊಡ್ಡಾಕಿ ಆದಂಗ ಎಲ್ಲಾ ಬರತೈತಿ." ಅಪ್ಪ ಮಗ್ಗದ ಕಡೆ ಹೊರಟಿದ್ದ. ತಾಯಿ ಅಷ್ಟು ಹೊತ್ತೂ ಪಕ್ಕದಲ್ಲೇ ಕಂಡಿಕೆ ಸುತ್ತುತ್ತ ಕೂತಿದ್ದಳು. ನನ್ನನ್ನು ಬಾಗಿಲವರೆಗೆ ಕಳಿಸಲು ಬಂದಾಗ ಒಂದೇ ಪ್ರಶ್ನೆ ಕೇಳಿದಳು, "ನೀವು ಕರದಾಗ ಹೊರಗ ಮಗ್ಗ ನಿಂತಿದ್ವೇನ್ರಿ?" ಹೌದು ಎಂದೆ.

ಕೆಲವು ದಿನಗಳ ಮೇಲೆ ಬೆಳಿಗ್ಗೆ ತಾಯಿ ಗೇಟಿನಲ್ಲಿ ಕಾಯುತ್ತಿದ್ದಳು. "ನಿನ್ನೆ ಕರೆಂಟ್ ಹೋತ್ರಿ. ಮಗ್ಗ ನಿಂತ್ವು. ಹಿಂದ ಹೋಗಿ ಕರದೆ. ಮೆತ್ತಗ ಕರದೆ, ಜೋರ ಕರದೆ, ಬೈದೆ. ಹೊಳ್ಳಿ ನೋಡಲಿಲ್ಲ." ಆಮೇಲೆ ಹೇಳಿದಳು, "ನಮ್ಮ ಮನಿಯವರಿಗೆ ನಾ ಹೇಳತೀನ್ರಿ. ನೀವು ಯಾವಾಗ ಕರಕೊಂಡ ಹೋಗತೀರಿ ಅದಷ್ಟ ಹೇಳ್ರಿ."

ಮುಂದಿನ ಶನಿವಾರ ನಾವು ಮೂವರೂ ಬಾಗಲಕೋಟೆಗೆ ಹೋದೆವು. ಕಿವಿಯ ಡಾಕ್ಟರ ಬಳಿ ಒಂದು ಗಾಜಿನ ಕೋಣೆ ಇತ್ತು. ಹುಡುಗಿಯನ್ನು ಒಳಗೆ ಕೂರಿಸಿ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗಲೆಲ್ಲ ಒಂದು ಮಣಿಯನ್ನು ಡಬ್ಬಿಯೊಳಗೆ ಹಾಕಬೇಕು. ಪರೀಕ್ಷೆ ಮಾಡುವ ಯುವಕ ಗುಂಡಿ ಒತ್ತುವಾಗ ಅವಳು ಗಾಜಿನಾಚೆಯಿಂದ ಅವನ ಮುಖ ನೋಡಿ ಮಣಿ ಹಾಕುತ್ತಿದ್ದಳು. ಅವನಿಗೆ ಅದು ಬೇಗ ತಿಳಿಯಿತು. ಮುಖ ತಿರುಗಿಸಿ ಕೂತ. ಆಮೇಲೆ ಮಣಿ ಅವಳ ಕೈಯಲ್ಲೇ ಉಳಿಯಿತು. ತಾಯಿ ನನ್ನ ಪಕ್ಕ ನಿಂತು ಆ ಕೈಯನ್ನೇ ನೋಡುತ್ತಿದ್ದಳು.

ಎರಡೂ ಕಿವಿಯಲ್ಲಿ ಹುಟ್ಟಿನಿಂದಲೇ ಕೊರತೆ ಇರಬೇಕು, ಪೂರ್ತಿ ಕಿವುಡಲ್ಲ, ಯಂತ್ರ ಹಾಕಿದರೆ ಸಾಕಷ್ಟು ಕೇಳಿಸೀತು ಎಂದರು ಡಾಕ್ಟರು. ಸರ್ಕಾರದ ಶಿಬಿರದಲ್ಲಿ ಅದು ಸಿಗುತ್ತದೆ, ಆದರೆ ಬೇಸಿಗೆಯ ನಂತರ. ಶಾಲೆಯ ಪರೀಕ್ಷೆ ಅದಕ್ಕಿಂತ ಮೊದಲೇ ಇತ್ತು.

ಮರಳುವಾಗ ಬಸ್ಸಿನಲ್ಲಿ ಹುಡುಗಿ ನಮ್ಮಿಬ್ಬರ ನಡುವೆ ಕೂತಿದ್ದಳು. ರಸ್ತೆಯ ಪಕ್ಕ ಹಿನ್ನೀರು ಹೊಲಗಳೊಳಗೆ ನಿಂತಿತ್ತು, ಬೀಳಗಿಗೆ ಇಳಿಯುವವರು ಚೀಲ ಹೊಂದಿಸಿಕೊಳ್ಳುತ್ತಿದ್ದರು. ತಾಯಿ ಕೇಳಿದಳು, "ಹುಟ್ಟಿದಾಗಿಂದ ಅಂತಾರಲ್ಲರಿ. ಇಷ್ಟ ವರ್ಷ ನಾ ಆಕೀ ಕೂಡ ಮಾತಾಡೇನಿ. ಆಕೀನೂ ಮಾತಾಡ್ಯಾಳ. ಅದೆಲ್ಲಾ ಏನ್ರಿ ಹಂಗಾದ್ರ?"

"ಅದೂ ಮಾತ ಐತ್ರಿ" ಎಂದೆ. "ನಿಮ್ಮ ಮಾರಿ ನೋಡಿ ಕಲತಾಳ."

ಹುಡುಗಿ ಕತ್ತೆತ್ತಿ ನಮ್ಮಿಬ್ಬರ ಮುಖಗಳನ್ನು ಸರದಿಯಂತೆ ನೋಡುತ್ತಿದ್ದಳು. ತಾಯಿ ಅವಳಿಗೆ ಕಾಣದ ಹಾಗೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಜಮಖಂಡಿ ಬರುವವರೆಗೂ ಹಾಗೆಯೇ ಇದ್ದಳು.

ನಾನು ಮುಖ್ಯೋಪಾಧ್ಯಾಯಿನಿಗೆ ಎಲ್ಲವನ್ನೂ ಹೇಳಿ, ಹುಡುಗಿಯ ಪರೀಕ್ಷೆಯನ್ನು ನಾನೇ ಮಾಡಿಸುತ್ತೇನೆ ಎಂದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ಪಾಪ ಅನಸ್ತದ ಟೀಚರ್. ಆದ್ರ ಬ್ಯಾರೆ ಪಾಲಕರು ಕೇಳಿದ್ರ ಏನ್ ಹೇಳ್ಲಿ? ಅವರ ಮಕ್ಕಳಿಗೆ ಮೊಲ, ಈಕಿಗೆ ನೀವು?"

"ಮೊಲದ ದನಿ ಬಂದ್ ಮಾಡೂನ್ರಿ. ಸದ್ದು ನಾ ಹೇಳತೀನಿ, ಚಿತ್ರ ಆಕಿ ಒತ್ತತಾಳ. ನೀವ ಕುಂತ ನೋಡ್ರಿ."

"ನೀವು ಕಣ್ಣಸನ್ನಿ ಮಾಡಿ ಹೇಳಿಕೊಟ್ರ?"

"ನನಗೂ ಪರದೆ ಕಾಣಬಾರದು. ಹಂಗ ಕುಂಡ್ರಸ್ರಿ."

ಪರೀಕ್ಷೆಯ ದಿನ ಉಳಿದ ಮಕ್ಕಳದು ಮುಗಿದ ಮೇಲೆ ಅವಳನ್ನು ಕರೆದರು. ಯಾವ ಸದ್ದು ಹೇಳಬೇಕೆಂದು ಮುಖ್ಯೋಪಾಧ್ಯಾಯಿನಿಯೇ ಹೆಡ್‌ಫೋನಿನಲ್ಲಿ ಮೊಲದ ಮಾತು ಕೇಳಿ ನನಗೆ ಹೇಳುತ್ತಿದ್ದರು. ನಾನು ಮಾನಿಟರಿನ ಪಕ್ಕದಲ್ಲಿ, ಪರದೆಗೆ ಬೆನ್ನು ಮಾಡಿ, ಹುಡುಗಿಗೆ ಎದುರಾಗಿ ಕೂತಿದ್ದೆ. 'ಫ್', 'ತ್', 'ಲ್' ಸರಾಗವಾಗಿ ಹೋದವು. ಅವು ತುಟಿ, ಹಲ್ಲು, ನಾಲಗೆಯಲ್ಲಿ ಕಾಣುವ ಸದ್ದುಗಳು. ನನಗೆ ಅಂಜಿಕೆ ಇದ್ದದ್ದು 'ಪ್', 'ಬ್', 'ಮ್' ಬಂದಾಗ. ಮೂರಕ್ಕೂ ತುಟಿ ಮುಚ್ಚಿ ತೆರೆಯುವುದು ಒಂದೇ ಥರ. ನೋಡಿ ಹೇಳಲು ಸಾಧ್ಯವಿಲ್ಲ.

'ಬ್' ಎಂದೆ. ಅವಳು ಪರದೆ ನೋಡಿದಳು, ಅಲ್ಲಿ ಈ ಮೂರೂ ಸದ್ದಿನ ಚಿತ್ರಗಳಿದ್ದವು ಎಂದು ಆಮೇಲೆ ತಿಳಿಯಿತು. ಒತ್ತಲಿಲ್ಲ. ಮೌಸ್ ಬಿಟ್ಟು ಎದ್ದು ಬಂದಳು. ಒಂದು ಅಂಗೈಯನ್ನು ನನ್ನ ಬಾಯಿಯ ಮುಂದೆ ಹಿಡಿದು, ಇನ್ನೊಂದು ಕೈಯ ಬೆರಳುಗಳನ್ನು ನನ್ನ ಗಂಟಲ ಮೇಲಿಟ್ಟು, ಕಾದಳು. ನಾನು ಮತ್ತೆ 'ಬ್' ಎಂದೆ. ಬೆರಳು ಮೂಗಿಗೆ ಬಂತು. ಇನ್ನೊಮ್ಮೆ ಹೇಳಿದೆ. ಅವಳು ಹೋಗಿ ಕೂತು ಚಿತ್ರ ಒತ್ತಿದಳು. ನನಗೆ ಕಾಣಲಿಲ್ಲ. ಮುಖ್ಯೋಪಾಧ್ಯಾಯಿನಿಯ ಮುಖ ನೋಡಿದೆ. ಅವರು ಹೆಡ್‌ಫೋನ್ ತೆಗೆದು ಕೊರಳಿಗೆ ಹಾಕಿಕೊಂಡರು.

"ಸಾಕು ಬಿಡ್ರಿ" ಎಂದರು. "ಒಂದನೇತ್ತಕ್ಕ ಹೋಗ್ಲಿ."

ಅಪ್ಪನಿಗೆ ಈ ಮಾತು ಮುಟ್ಟಿಸಿದಾಗ ಅವನು ಮಗ್ಗದ ಮುಂದೆಯೇ ನಿಂತು ತಲೆಯಾಡಿಸಿದ. ಶಿಬಿರಕ್ಕೆ ಕರೆದುಕೊಂಡು ಹೋಗಲು ಒಪ್ಪಿಕೊಂಡದ್ದು ಹೆಂಡತಿ ಊಟ ಬಿಟ್ಟು ಕೂತ ಮೇಲೆ ಎಂದು ಆಮೇಲೆ ಕೇಳಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಗಿಗೆ ಕಿವಿಯ ಯಂತ್ರ ಬಂತು. ಅದನ್ನು ಅವಳು ಶಾಲೆಯ ಗೇಟಿನಲ್ಲಿ ಹಾಕಿಕೊಳ್ಳುತ್ತಿದ್ದಳು, ಶಾಲೆ ಬಿಟ್ಟಾಗ ಗೇಟಿನಲ್ಲೇ ತೆಗೆಯುತ್ತಿದ್ದಳು. ಮನೆಯಲ್ಲಿ ಹಾಕಿದರೆ ಮಗ್ಗದ ಸದ್ದು ತಲೆಯೊಳಗೆ ಬಡಿಯುತ್ತದೆ, ಅಳುತ್ತಾಳೆ ಎಂದು ತಾಯಿ ಹೇಳಿದಳು. ಓದು ಬೇಗ ಬಂತು. ಮಾತಿನ ಕೊನೆಗಳು ನಿಧಾನವಾಗಿ ಗಟ್ಟಿಯಾದವು, ಪೂರ್ತಿ ಆಗಲಿಲ್ಲ.

ಯಂತ್ರವೊಂದರಿಂದ ಎಲ್ಲ ಸರಿಹೋಗುತ್ತದೆ ಎಂದು ಶಾಲೆಯಲ್ಲಿ ಹಲವರು ತಿಳಿದಿದ್ದರು. ಹಾಗಿರಲಿಲ್ಲ. ಅವಳಿಗೆ ಇನ್ನೂ ಮುಖ ಬೇಕಿತ್ತು. ಒಂದನೆಯ ತರಗತಿಯ ಟೀಚರು ಬೋರ್ಡಿನ ಮೇಲೆ ಬರೆಯುತ್ತಲೇ ಪಾಠ ಹೇಳುವವರು. ಅರ್ಧ ವರ್ಷ ಹುಡುಗಿ ಅವರ ಬೆನ್ನು ನೋಡುತ್ತ ಕೂತಳು. ಅಂಕ ಇಳಿದವು, ಮತ್ತೆ ಅದೇ ಮಾತು ಬಂತು, ಇನ್ನೊಂದು ವರ್ಷ ಅಲ್ಲೇ ಎಂದು. ನಾನು ಹೋಗಿ ಅವರೊಡನೆ ಮಾತಾಡಿದೆ. ಮಾರನೆಯ ವರ್ಷ ಟೀಚರು ಬದಲಾದರು, ಮತ್ತೆ ಹೋಗಿ ಮಾತಾಡಿದೆ. ಒಬ್ಬರು ನನ್ನ ಮಾತು ಕೇಳಿದರು, ಇನ್ನೊಬ್ಬರು ನನಗೆ ಪಾಠ ಹೇಳಲು ಬರಬೇಡಿ ಎಂದರು. ನಾನು ಆ ಶಾಲೆಯಲ್ಲಿ ಇದ್ದಷ್ಟು ವರ್ಷ ಪ್ರತಿ ಜೂನ್ ತಿಂಗಳಲ್ಲಿ ಇದು ನನ್ನ ಕೆಲಸಗಳಲ್ಲೊಂದಾಗಿತ್ತು. ಬಸ್ಸಿನಿಂದ ಇಳಿದು, ಇನ್ನೂ ಧೂಳು ಒರೆಸಿಕೊಳ್ಳುವ ಮೊದಲೇ, ಅವಳ ಹೊಸ ತರಗತಿಯ ಬಾಗಿಲಿಗೆ ಹೋಗುತ್ತಿದ್ದೆ.

ಕೊನೆಯ ಸಲ ಹೋದಾಗ ಅವಳು ನಾಲ್ಕನೆಯ ತರಗತಿ. ಟೀಚರು ಮುಧೋಳ ಕಡೆಯ ಹುಡುಗಿ, ಕೆಲಸಕ್ಕೆ ಹೊಸಬಳು, ಇನ್ನೂ ದಣಿದಿರಲಿಲ್ಲ. ಕಿಟಕಿಯ ಬೆಳಕು ಟೀಚರ ಮುಖದ ಮೇಲೆ ಬೀಳುವಂತೆ ನಿಲ್ಲಬೇಕು, ಮುಂದಿನ ಬೆಂಚಿನಲ್ಲಿ ಹುಡುಗಿಯನ್ನು ಕೂರಿಸಬೇಕು ಎಂದು ಹೇಳಿದೆ.

"ಬೋರ್ಡಿಗೆ ಬರಿಯೂ ಮುಂದ ಮಾತಾಡಬ್ಯಾಡ್ರಿ. ಬರದು ಮುಗಿಸಿ, ಹೊಳ್ಳಿ, ಆಮ್ಯಾಲ ಮಾತಾಡ್ರಿ."

ಹೊಸ ಟೀಚರ್ ಇನ್ನೇನೋ ಇದೆ ಎಂಬಂತೆ ಕಾದಳು. "ಅಷ್ಟನರಿ?" ಎಂದಳು.

"ಅಷ್ಟರಿ" ಎಂದೆ.

ಅದನ್ನು ದಿನಾ ಮಾಡುವುದು ಎಷ್ಟು ಕಷ್ಟ ಎಂದು ನಾನು ಹೇಳಲಿಲ್ಲ. ಗಂಟೆ ಹೊಡೆಯಿತು. ಹುಡುಗಿ ಒಳಗೆ ಬಂದು ಮುಂದಿನ ಬೆಂಚಿನಲ್ಲಿ ಕೂತು, ಹೊಸ ಟೀಚರ ಮುಖವನ್ನು ಕಲಿಯಲು ಶುರುಮಾಡಿದಳು.